ಟರ್ಮಿನಲ್ ಬದಲಾದ್ರೆ ವಿಮ್ ಯಾಕೆ ತಡವರಿಸುತ್ತೆ?

ಇವತ್ತು ಜೀವವಿಜ್ಞಾನಿಗಳು ದಿನಾ ಬಳಸೋ ಒಂದು ಸಾಧನದ ಬಗ್ಗೆ ಮಾತಾಡೋಣ: ವಿಮ್ ಟೆಕ್ಸ್ಟ್ ಎಡಿಟರ್. ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿರೋ ವಿಮ್, ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ ಮಾಡಿದಾಗ ಕೆಲವೊಮ್ಮೆ ಬಣ್ಣ ಕೆಡಿಸಿಕೊಳ್ಳುತ್ತೆ. ಬಾಣದ ಕೀ ಒತ್ತಿದ್ರೆ ಎ, ಬಿ ಅಂತ ಅಕ್ಷರ ಮೂಡುತ್ತೆ. ಯಾಕೆ?

ವಿಮ್ ಒಳಗೆ ಮೇಲ್ಬಾಣ ಒತ್ತಿದಾಗ ಟರ್ಮಿನಲ್ ಸಾಮಾನ್ಯವಾಗಿ ಮೂರು ಸಂಕೇತ ಕಳಿಸುತ್ತೆ: ಎಸ್ಕೇಪ್, ದೊಡ್ಡ ಓ, ದೊಡ್ಡ ಎ. ಮೂರೂ ಸೇರಿ ಒಂದೇ ಕೀ ಅಂತ ವಿಮ್‌ಗೆ ಗೊತ್ತಿಲ್ಲದಿದ್ರೆ ಬಿಡಿಬಿಡಿಯಾಗಿ ಓದುತ್ತೆ. ಎಸ್ಕೇಪ್‌ನಿಂದ ಇನ್ಸರ್ಟ್ ಮೋಡ್ ಮುಗಿಯುತ್ತೆ, ಓ ಮೇಲೊಂದು ಹೊಸ ಸಾಲು ತೆರೆಯುತ್ತೆ, ಅಲ್ಲಿ ಎ ಬಂದು ಕೂರುತ್ತೆ. ಅದು ನಿಮ್ಮ ಸ್ಯಾಂಪಲ್ ಪಟ್ಟಿಯಾಗಿದ್ರೆ? ಲ್ಯಾಬ್‌ನಲ್ಲಿ ಇಲ್ಲದ ಸ್ಯಾಂಪಲ್ ಒಂದು ಫೈಲ್‌ನಲ್ಲಿ ಹುಟ್ಟಿತು. ಗಮನಿಸದೆ ಸೇವ್ ಮಾಡಿದ್ರೆ ಮುಂದಿನ ವಿಶ್ಲೇಷಣೆಗೆ ಅದೇ ಹೋಗುತ್ತೆ.

1970ರ ದಶಕದಲ್ಲಿ ಒಂದೊಂದು ಕಂಪನಿಯ ಟರ್ಮಿನಲ್‌ಗೆ ಒಂದೊಂದು ಸಂಕೇತ ಇತ್ತು. ಅದಕ್ಕೇ, ವಿಐ ಬರೆದ ಬಿಲ್ ಜಾಯ್ ಬರ್ಕ್ಲಿಯಲ್ಲಿ ಟರ್ಮ್‌ಕ್ಯಾಪ್ ಅನ್ನೋ ಪಟ್ಟಿ ಮಾಡಿದರು. ಇವತ್ತು ಆ ಜಾಗದಲ್ಲಿ ಟರ್ಮಿನ್ಫೋ ಇದೆ. ಟರ್ಮ್ ಅನ್ನೋ ವೇರಿಯಬಲ್‌ನಲ್ಲಿರೋ ಹೆಸರನ್ನ ವಿಮ್ ಆ ಪಟ್ಟಿಯಲ್ಲಿ ಹುಡುಕುತ್ತೆ. ಹೆಸರು ತಪ್ಪಾದ್ರೆ ಉಳಿದದ್ದೂ ತಪ್ಪು.

ಹಾಗಾದ್ರೆ ಏನು ಮಾಡಬೇಕು?

ಒಂದು, ಸರ್ವರ್‌ನಲ್ಲಿ 'ಎಕೋ ಡಾಲರ್ ಟರ್ಮ್' ಕೊಟ್ಟು ಹೆಸರು ನೋಡಿ. ಆಮೇಲೆ 'ಇನ್ಫೋಸಿಎಂಪಿ' ಓಡಿಸಿ. ವಿವರ ಬಂದ್ರೆ ಸರ್ವರ್‌ಗೆ ಆ ಟರ್ಮಿನಲ್ ಗೊತ್ತು. ದೋಷದ ಸಂದೇಶ ಬಂದ್ರೆ, ಎಸ್‌ಎಸ್‌ಎಚ್ ಮಾಡುವ ಮುಂಚೆ ಟರ್ಮ್‌ಗೆ 'ಎಕ್ಸ್‌ಟರ್ಮ್-256ಕಲರ್' ಅಂತ ಕೊಡಿ. ಇಂದಿನ ಹೆಚ್ಚಿನ ಟರ್ಮಿನಲ್‌ಗಳಿಗೆ ಅದು ಹೊಂದುತ್ತೆ.

ಎರಡು, ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ ಟರ್ಮ್ ಹೆಸರನ್ನ ಕಾಯಂ ಮಾಡಬೇಡಿ. ಟಿಮಕ್ಸ್ ಒಳಗೆ ಆ ಹೆಸರು 'ಟಿಮಕ್ಸ್' ಅಥವಾ 'ಸ್ಕ್ರೀನ್' ಅಂತ ಶುರುವಾಗಬೇಕು.

ಮೂರು, ವಿಮ್‌ಆರ್‌ಸಿಯಲ್ಲಿ 'ಸೆಟ್ ನೋಕಂಪ್ಯಾಟಿಬಲ್' ಇರಲಿ. ಹಳೆಯ ವಿಐ ರೀತಿಯ ಮೋಡ್‌ನಲ್ಲಿ ಟರ್ಮ್ ಸರಿಯಿದ್ರೂ ಬಾಣದ ಕೀ ಕೈಕೊಡುತ್ತೆ.

ನಾಲ್ಕು, ಬಣ್ಣಕ್ಕೆ ಷರತ್ತು ಹಾಕಿ. 'ಟಿ ಅಂಡರ್‌ಸ್ಕೋರ್ ಸಿಓ' ಅನ್ನೋ ಆಯ್ಕೆ ಎಷ್ಟು ಬಣ್ಣ ಇದೆ ಅಂತ ಹೇಳುತ್ತೆ. 256 ಅಥವಾ ಹೆಚ್ಚಿದ್ರೆ ನಿಮ್ಮಿಷ್ಟದ ಕಲರ್‌ಸ್ಕೀಮ್, ಇಲ್ಲದಿದ್ರೆ 'ಡೀಫಾಲ್ಟ್'. ಆಗ ಒಂದೇ ವಿಮ್‌ಆರ್‌ಸಿ ಎಲ್ಲ ಯಂತ್ರಕ್ಕೂ ಸಾಕು.

ಇಷ್ಟೆಲ್ಲ ಆದ್ಮೇಲೂ ಡೇಟಾ ಫೈಲ್ ತೆರೆಯುವಾಗ 'ವಿಮ್ ಮೈನಸ್ ಆರ್' ಅಂತ ತೆರೆಯಿರಿ. ಬರೀ ಓದೋದಕ್ಕೆ ಅಷ್ಟು ಸಾಕು. ಮುಂದಿನ ಸಂಚಿಕೆಯಲ್ಲಿ ಸಿಗೋಣ.