ವರ್ಗ ಸಮೀಕರಣ: ಒಡೆಯುವ ಮೊದಲು ಒಮ್ಮೆ ನೋಡಿ

ವರ್ಗ ಸಮೀಕರಣ ಕಂಡ ಕೂಡಲೇ ಮಧ್ಯಪದವನ್ನು ಒಡೆಯಲು ಹೊರಡುವುದು ಎಸ್ಸೆಸ್ಸೆಲ್ಸಿ ಮಕ್ಕಳ ಹಳೆಯ ಅಭ್ಯಾಸ. ಸರಿಯಾದ ಜೋಡಿ ಸಿಗದೆ ಉತ್ತರಪತ್ರಿಕೆಯ ಅಂಚೆಲ್ಲ ಗೀಚಾಟ. ಹುಡುಕುವುದಕ್ಕೂ ಒಂದು ಕ್ರಮವಿದೆ. ಇಲ್ಲಿ ಅವ್ಯಕ್ತವನ್ನು ‘ಯ’ ಎಂದು ಬರೆದಿದ್ದೇನೆ. ಭಾಸ್ಕರಾಚಾರ್ಯರ ‘ಬೀಜಗಣಿತ’ದಲ್ಲೂ ಅದು ‘ಯಾ’.

1. ಬಲಗಡೆ ಸೊನ್ನೆ ಇರಲಿ. ಯ(ಯ − 5) = 6 ಎಂದಿದ್ದರೆ ಯ = 6, ಯ − 5 = 6 ಎಂದು ಬರೆದು 6, 11 ಎಂದು ಉತ್ತರಿಸುವವರುಂಟು. 6 ಸರಿಯಾದದ್ದು ಬರೀ ಆಕಸ್ಮಿಕ, 11 ತಪ್ಪು. ಗುಣಲಬ್ಧ ಸೊನ್ನೆಯಾದರೆ ಮಾತ್ರ ಹೀಗೆ ಬಿಡಿಸಬಹುದು. ಯ² − 5ಯ − 6 = 0 ಮಾಡಿಕೊಳ್ಳಿ: (ಯ − 6)(ಯ + 1) = 0. ಮೂಲಗಳು 6 ಮತ್ತು −1.

2. ಸಾಮಾನ್ಯ ಅಪವರ್ತನ ತೆಗೆಯಿರಿ. 6ಯ² − 30ಯ + 36 = 0 ಇದ್ದರೆ ಮೊದಲು 6ರಿಂದ ಭಾಗಿಸಿ. ‘ಯ’ದಿಂದ ಮಾತ್ರ ಭಾಗಿಸಬೇಡಿ. ಯ² = 5ಯ ಎಂಬಲ್ಲಿ ಹಾಗೆ ಮಾಡಿದರೆ 0 ಎಂಬ ಮೂಲ ಕೈತಪ್ಪುತ್ತದೆ.

3. ಸಹಗುಣಕಗಳನ್ನು ಕೂಡಿ ನೋಡಿ. 7ಯ² − 12ಯ + 5 = 0ರಲ್ಲಿ 7 − 12 + 5 ಸೊನ್ನೆ. ಹಾಗಾದರೆ 1 ಒಂದು ಮೂಲ, 5/7 ಇನ್ನೊಂದು. ಬಾಯಿಲೆಕ್ಕದಲ್ಲೇ ಮುಗಿಯಿತು. (ಹಂತಗಳಿಗೂ ಅಂಕವಿದೆ, ಬರೆದು ತೋರಿಸಿ.)

4. ಜೋಡಿಗಳನ್ನು ಸಾಲಾಗಿ ಹುಡುಕಿ. 6ಯ² + 7ಯ − 20 = 0 ತೆಗೆದುಕೊಳ್ಳಿ. ಮೊದಲ ಸಹಗುಣಕವನ್ನೂ ಸ್ಥಿರಪದವನ್ನೂ ಗುಣಿಸಿದರೆ −120. ಋಣ ಚಿಹ್ನೆ ಬಂದಿದೆ, ಆದ್ದರಿಂದ ಜೋಡಿಯ ಚಿಹ್ನೆಗಳು ಬೇರೆ ಬೇರೆ; ನಮಗೆ ಬೇಕಾದದ್ದು 7ರ ವ್ಯತ್ಯಾಸ. 1 ಮತ್ತು 120ರಿಂದ ಶುರುಮಾಡಿದರೆ ದಾರಿ ಉದ್ದ. 120ರ ವರ್ಗಮೂಲ 11ರ ಆಸುಪಾಸು, ಅಲ್ಲಿಂದಲೇ ಹೊರಡಿ: 10, 12 — ವ್ಯತ್ಯಾಸ 2. ಮುಂದಿನದು 8, 15 — ವ್ಯತ್ಯಾಸ 7. ಎರಡನೇ ಹೆಜ್ಜೆಗೇ ಸಿಕ್ಕಿತು! ಹೊರಗೆ ಸರಿದಂತೆ ವ್ಯತ್ಯಾಸ ಬೆಳೆಯುತ್ತಲೇ ಹೋಗುತ್ತದೆ. ಹಾಗಾಗಿ ಬೇಕಾದ ಸಂಖ್ಯೆಯನ್ನು ದಾಟಿಬಿಟ್ಟರೆ ಪೂರ್ಣಾಂಕದ ಜೋಡಿ ಇಲ್ಲವೆಂದೇ ಅರ್ಥ, ಹುಡುಕಾಟ ನಿಲ್ಲಿಸಿ. ಈಗ 6ಯ² + 15ಯ − 8ಯ − 20; ಅಂದರೆ 3ಯ(2ಯ + 5) − 4(2ಯ + 5). ಎರಡೂ ಆವರಣಗಳು ಒಂದೇ ಆಗದಿದ್ದರೆ ಚಿಹ್ನೆಯಲ್ಲಿ ಎಡವಿದ್ದೀರಿ. (2ಯ + 5)(3ಯ − 4) = 0; ಮೂಲಗಳು −5/2, 4/3.

5. ಅನುಮಾನವಿದ್ದರೆ ಶೋಧಕ ಕೇಳಿ. ಮಧ್ಯಪದದ ಸಹಗುಣಕದ ವರ್ಗದಿಂದ, ಮೊದಲ ಸಹಗುಣಕ ಮತ್ತು ಸ್ಥಿರಪದಗಳ ಗುಣಲಬ್ಧದ ನಾಲ್ಕರಷ್ಟನ್ನು ಕಳೆಯಿರಿ. ಮೇಲಿನ ಲೆಕ್ಕದಲ್ಲಿ 49 + 480 = 529, ಅದು 23ರ ವರ್ಗ; ಒಡೆದೇ ಒಡೆಯುತ್ತದೆ. ಯ² + 5ಯ + 3ರಲ್ಲಿ 25 − 12 = 13, ಪೂರ್ಣವರ್ಗವಲ್ಲ. ಅಲ್ಲಿ ಶ್ರೀಧರಾಚಾರ್ಯರ ದಾರಿ ಹಿಡಿಯಿರಿ: ವರ್ಗಪದದ ಸಹಗುಣಕದ ನಾಲ್ಕರಷ್ಟರಿಂದ ಗುಣಿಸಿ, ವರ್ಗ ಪೂರ್ಣಗೊಳಿಸಿ. ನಮ್ಮ ಪಠ್ಯದ ಸೂತ್ರ ಹುಟ್ಟುವುದೂ ಇದೇ ದಾರಿಯಲ್ಲಿ.

6. ತಾಳೆ ನೋಡಿ. −5/2 ಮತ್ತು 4/3 ಕೂಡಿದರೆ −7/6, ಗುಣಿಸಿದರೆ −20/6. ಸಮೀಕರಣದ 6, 7, −20 ಅಲ್ಲೇ ಕಾಣುತ್ತವೆ. ಪ್ರಶ್ನೆ ಹೊಲದ ಅಗಲ ಕೇಳಿದ್ದರೆ ಋಣ ಮೂಲವನ್ನು ಕೈಬಿಡಿ, ಯಾಕೆ ಬಿಟ್ಟಿರೆಂದು ಒಂದು ಸಾಲು ಬರೆಯಿರಿ.