ಗರ್ಭಿಣಿಗೆ ಟಿಡಿ ಲಸಿಕೆ: ಎರಡು ಡೋಸೇ, ಬೂಸ್ಟರ್ ಒಂದೇ?



ಗ್ರಾಮ ಪಂಚಾಯಿತಿ ಸದಸ್ಯರ ಮನೆ ಬಾಗಿಲಿಗೆ ಬರುವ ಪ್ರಶ್ನೆಗಳಲ್ಲಿ ಕುಡಿಯುವ ನೀರು, ಬೀದಿದೀಪ, ಇ-ಸ್ವತ್ತು, ಮನೆ ಮಂಜೂರಾತಿ ಮೊದಲಾದವುಗಳೇ ಅಧಿಕ. ಇವುಗಳ ನಡುವೆ ಒಮ್ಮೊಮ್ಮೆ ಬೇರೆಯದೇ ಆದ ಒಂದು ಪ್ರಶ್ನೆಯೂ ಬರುತ್ತದೆ: "ಹೋದ ಬಸಿರಿನಲ್ಲಿ ಎರಡು ಚುಚ್ಚುಮದ್ದು ಆಗಿವೆ. ಈ ಸಲವೂ ಹಾಕಿಸಬೇಕೇ?" ಈ ಪಾಠವು ಆ ಒಂದು ಪ್ರಶ್ನೆಗೆ ಸೀಮಿತವಾಗಿದೆ. ಪ್ರಶ್ನೆ ಚಿಕ್ಕದು, ಅದಕ್ಕೆ ನಾನು ಒಮ್ಮೆ ತಪ್ಪು ಉತ್ತರ ಕೊಟ್ಟಿದ್ದೇನೆ ಎಂಬುದೇ ಇದನ್ನು ಬರೆಯಲು ಕಾರಣ.

ಹಿಂದೆ ನಾನು ಕರ್ತವ್ಯ ನಿರ್ವಹಿಸುತ್ತಿದ್ದ ಪಂಚಾಯಿತಿಯ ಮಹಿಳಾ ಗ್ರಾಮ ಸಭೆಯಲ್ಲಿ ಆರು ತಿಂಗಳ ಗರ್ಭಿಣಿಯೊಬ್ಬರು ಎದ್ದು ನಿಂತರು. ಅವರ ಮೊದಲ ಮಗಳಿಗೆ ಆಗ ಎರಡು ವರ್ಷ ಎರಡು ತಿಂಗಳು. "ಸಾರ್, ಮಗಳು ಹೊಟ್ಟೆಯಲ್ಲಿದ್ದಾಗ ಎರಡೂ ಹಾಕಿಸಿಕೊಂಡಿದ್ದೀನಿ. ಈಗ ಮತ್ತೆ ಹಾಕಿಸಿಕೋ ಅಂತಾರೆ. ನಮ್ಮತ್ತೆ ಬೇಡ ಅಂತಾರೆ" ಎಂದರು. ನಾನು ಅವರ ಹಳೆಯ ತಾಯಿ ಕಾರ್ಡ್ ನೋಡಿದೆ. ಎರಡು ದಿನಾಂಕಗಳು ನಮೂದಾಗಿದ್ದವು. ಕಾಮಗಾರಿಯ ಅಳತೆ ಪುಸ್ತಕದಲ್ಲಿ ಎರಡೂ ಕಂತು ನಮೂದಾಗಿದ್ದರೆ ಕೆಲಸ ಮುಗಿದಂತೆ ಎಂದು ಓದುವ ಅಭ್ಯಾಸ ನನ್ನದು. "ಎರಡೂ ಆಗಿವೆಯಲ್ಲಮ್ಮಾ, ಪೂರ್ಣಗೊಂಡಿದೆ" ಎಂದುಬಿಟ್ಟೆ. ಅತ್ತೆಯವರಿಗೆ ಸಮಾಧಾನವಾಯಿತು. ಸಭೆ ಮುಗಿದ ಮೇಲೆ ಆಶಾ ಕಾರ್ಯಕರ್ತೆ ಬಳಿಗೆ ಬಂದು, ಬೇರೆಯವರಿಗೆ ಕೇಳಿಸದ ದನಿಯಲ್ಲಿ, "ಸಾರ್, ಅದು ಹಾಗಲ್ಲ. ಅವರಿಗೆ ಬೂಸ್ಟರ್ ಒಂದು ಬಾಕಿ ಇದೆ" ಎಂದರು.

ಮರುದಿನ ಆ ಮನೆಗೆ ಹೋದೆವು. "ನಿನ್ನೆ ಸಭೆಯಲ್ಲಿ ಅಧಿಕಾರಿಗಳೇ ಬೇಡವೆಂದರಲ್ಲ" ಎಂಬ ಉತ್ತರ ಸಿದ್ಧವಾಗಿತ್ತು. ಒಂದು ವಾಕ್ಯದಲ್ಲಿ ಹೇಳಿದ್ದನ್ನು ಹಿಂಪಡೆಯಲು ಮೂರು ವಾರ ಬೇಕಾಯಿತು. ಅಷ್ಟರಲ್ಲಿ ಆಕೆ ಬೇರೆ ತಾಲ್ಲೂಕಿನ ತವರಿಗೆ ಹೋಗಿದ್ದರು. ಅಲ್ಲಿಯ ಆರೋಗ್ಯ ಸುರಕ್ಷಣಾಧಿಕಾರಿಯವರಿಗೆ ನಮ್ಮ ಆಶಾ ದೂರವಾಣಿ ಮಾಡಿ, ಕಾರ್ಡಿನ ಛಾಯಾಚಿತ್ರ ಕಳುಹಿಸಿ, ಕೊನೆಗೆ ತಿಂಗಳ 9ನೇ ತಾರೀಖಿನ ಸುರಕ್ಷಿತ ಮಾತೃತ್ವ ತಪಾಸಣೆಯ ದಿನ ಆಕೆಗೆ ಬೂಸ್ಟರ್ ದೊರೆಯಿತು. ಹೆರಿಗೆ ಸುಸೂತ್ರವಾಗಿ ಆಯಿತು. ಲಸಿಕೆ ಹಾಕಿಸದಿದ್ದರೂ ಮಗು ಕ್ಷೇಮವಾಗಿಯೇ ಇರುತ್ತಿತ್ತೋ ಏನೋ. ಅದನ್ನು ಯಾರೂ ಹೇಳಲಾರರು. ಆದರೆ ಮಗು ಕ್ಷೇಮವಾಗಿ ಇರದೇ ಹೋಗಿದ್ದರೆ, ಆ ಒಂದು ವಾಕ್ಯ ನನ್ನದಾಗಿರುತ್ತಿತ್ತು.

ಈಗ ನಿಯಮವನ್ನು ನೋಡೋಣ. ರಾಷ್ಟ್ರೀಯ ಲಸಿಕಾ ವೇಳಾಪಟ್ಟಿಯಲ್ಲಿ ಗರ್ಭಿಣಿಯರಿಗೆ ನೀಡುವ ಲಸಿಕೆಯ ಹೆಸರು ಟಿಡಿ. ಹಿಂದೆ ಇದ್ದ ಟಿಟಿಯು ಧನುರ್ವಾಯುವಿಗೆ ಮಾತ್ರ ಸಂಬಂಧಿಸಿತ್ತು. ಅದರ ಸ್ಥಾನದಲ್ಲಿ ಬಂದಿರುವ ಟಿಡಿಯು ಧನುರ್ವಾಯು ಮತ್ತು ಗಂಟಲುಮಾರಿ ಎರಡಕ್ಕೂ ರಕ್ಷಣೆ ನೀಡುತ್ತದೆ. ಹಳ್ಳಿಗಳಲ್ಲಿ ಇಂದಿಗೂ 'ಟಿಟಿ ಸೂಜಿ' ಎಂಬ ಮಾತೇ ಬಳಕೆಯಲ್ಲಿದೆ. ಅರ್ಥ ಒಂದೇ ಎಂದು ತಿಳಿಯಬಹುದು. ಗರ್ಭಧಾರಣೆ ದೃಢಪಟ್ಟೊಡನೆ, ಸಾಧ್ಯವಾದಷ್ಟು ಬೇಗ ಮೊದಲ ಡೋಸ್. ಅದಾದ 4 ವಾರಗಳ ನಂತರ ಎರಡನೆಯ ಡೋಸ್. ಹಿಂದಿನ ಗರ್ಭಾವಸ್ಥೆಯಲ್ಲಿ ಎರಡೂ ಡೋಸ್ ಪಡೆದಿದ್ದು, ಈಗಿನ ಗರ್ಭಧಾರಣೆಯು ಅಲ್ಲಿಂದ 3 ವರ್ಷಗಳೊಳಗೆ ಆಗಿದ್ದರೆ, ಎರಡರ ಬದಲು ಒಂದೇ ಬೂಸ್ಟರ್. ಪ್ರತಿ ಡೋಸ್ ಅರ್ಧ ಮಿಲಿಲೀಟರ್, ತೋಳಿನ ಮೇಲ್ಭಾಗದ ಸ್ನಾಯುವಿಗೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಎರಡು ಮಾತ್ರ. ಹಿಂದಿನ ಬಸಿರಿನಲ್ಲಿ ಎರಡೂ ಡೋಸ್ ಆಗಿದ್ದವೇ? ಆಗಿದ್ದರೆ, 3 ವರ್ಷ ಕಳೆದಿದೆಯೇ? ಎರಡೂ ಆಗಿದ್ದು 3 ವರ್ಷ ಕಳೆದಿಲ್ಲವಾದರೆ ಬೂಸ್ಟರ್ ಒಂದು. ಉಳಿದ ಎಲ್ಲ ಸಂದರ್ಭಗಳಲ್ಲೂ, ಅಂದರೆ ಒಂದೇ ಡೋಸ್ ಆಗಿದ್ದರೂ, 3 ವರ್ಷ ಮೀರಿದ್ದರೂ, ಚೊಚ್ಚಲ ಬಸಿರಾಗಿದ್ದರೂ, ದಾಖಲೆ ಇಲ್ಲದಿದ್ದರೂ, ಹೊಸದಾಗಿ ಎರಡು. 10 ಮತ್ತು 16ನೇ ವಯಸ್ಸಿನಲ್ಲಿ ಹಾಕಿಸಿಕೊಂಡ ಟಿಡಿಯನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ನಿಯಮ ಹೇಳುವುದು ಗರ್ಭಾವಸ್ಥೆಯ ಡೋಸುಗಳನ್ನು. 'ಏನೂ ಬೇಡ' ಎಂಬ ಉತ್ತರ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ ಎಂಬುದನ್ನು ಗಮನಿಸಬೇಕು. ನಾನು ಕೊಟ್ಟದ್ದು ಆ ಇಲ್ಲದ ಉತ್ತರವನ್ನೇ.

ಎರಡನೆಯ ಡೋಸನ್ನಾಗಲಿ ಬೂಸ್ಟರನ್ನಾಗಲಿ 36ನೇ ವಾರದೊಳಗೆ ಪಡೆಯುವುದು ಉತ್ತಮ. ತಾಯಿಯ ದೇಹದಲ್ಲಿ ಪ್ರತಿಕಾಯಗಳು ಸಿದ್ಧಗೊಂಡು ಮಾಸದ ಮೂಲಕ ಶಿಶುವಿಗೆ ಸಾಗಲು ಕಾಲಾವಕಾಶ ಬೇಕು. ಹಾಗೆಂದು 36 ವಾರ ದಾಟಿದವರನ್ನು ಹಿಂದಕ್ಕೆ ಕಳುಹಿಸಬಾರದು. ಆಗಲೂ ನೀಡಬೇಕೆಂದೇ ಮಾರ್ಗಸೂಚಿಯಿದೆ. ಮೊದಲು ಲಸಿಕೆಯನ್ನೇ ಪಡೆಯದ ಮಹಿಳೆ ಹೆರಿಗೆ ನೋವಿನಲ್ಲಿ ಬಂದರೂ ನಿರಾಕರಿಸುವಂತಿಲ್ಲ.

ಹಿಂದಿನ ಲಸಿಕೆಯ ರಕ್ಷಣೆ ಏಕೆ ಉಳಿಯುವುದಿಲ್ಲ ಎಂಬುದು ಸಹಜವಾದ ಸಂದೇಹ. ಮೊದಲ ಡೋಸ್ ದೇಹಕ್ಕೆ ರೋಗಾಣುವಿನ ವಿಷದ ಪರಿಚಯವನ್ನಷ್ಟೇ ಮಾಡಿಸುತ್ತದೆ. ಅದರಿಂದಲೇ ದೊರೆಯುವ ರಕ್ಷಣೆ ಇಲ್ಲವೆನ್ನುವಷ್ಟು ಅಲ್ಪ. ಎರಡನೆಯದರ ನಂತರ ದೊರೆಯುವ ರಕ್ಷಣೆ 1ರಿಂದ 3 ವರ್ಷ ಉಳಿಯುತ್ತದೆ. ಮೂರನೆಯದಾದ ಮೇಲೆ ಕನಿಷ್ಠ 5 ವರ್ಷ, ನಾಲ್ಕನೆಯದಾದ ಮೇಲೆ ಕನಿಷ್ಠ 10 ವರ್ಷ. ಅಂದರೆ ಬೂಸ್ಟರ್ ಎಂಬುದು ಹಳೆಯದರ ಪುನರಾವರ್ತನೆಯಲ್ಲ; ಇಳಿಯುತ್ತಿರುವ ಮಟ್ಟವನ್ನು ಹಿಂದಿಗಿಂತ ಮೇಲಕ್ಕೆ ಏರಿಸಿ, ಹೆಚ್ಚು ಕಾಲ ನಿಲ್ಲಿಸುವ ಕ್ರಮ. ಎರಡು ಡೋಸುಗಳ ನಡುವಿನ ಅಂತರ 28 ದಿನ. ಕಾಂಕ್ರೀಟಿನ ಬಲವನ್ನು ಪರೀಕ್ಷಿಸುವುದೂ 28ನೇ ದಿನವೇ. ಈ ಹೋಲಿಕೆ ಕೇವಲ ಆಕಸ್ಮಿಕ. ಆದರೂ ಅವಸರ ಮಾಡಿದರೆ ಎರಡೂ ಕಡೆ ಬಲ ಕಡಿಮೆ ಎಂದು ಹೇಳಿದರೆ ನಮ್ಮ ಗುತ್ತಿಗೆದಾರರಿಗೂ ಅರ್ಥವಾಗುತ್ತದೆ.

ಧನುರ್ವಾಯು ಇತರ ಸಾಂಕ್ರಾಮಿಕಗಳಂತಲ್ಲ. ಈ ಅಂಶವನ್ನು ಸದಸ್ಯರು ವಿಶೇಷವಾಗಿ ಗ್ರಹಿಸಬೇಕು. ಅದರ ರೋಗಾಣು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಮಣ್ಣಿನಲ್ಲಿ, ದನಕರುಗಳ ಸಗಣಿಯಲ್ಲಿ, ತುಕ್ಕು ಹಿಡಿದ ಕಬ್ಬಿಣಕ್ಕೆ ಅಂಟಿದ ಧೂಳಿನಲ್ಲಿ ಬೀಜರೂಪದಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಪೋಲಿಯೋ ವಿಷಯದಲ್ಲಿ ಊರಿನ ಬಹುತೇಕ ಮಕ್ಕಳಿಗೆ ಲಸಿಕೆಯಾದರೆ ಉಳಿದವರಿಗೂ ಒಂದಿಷ್ಟು ಆಸರೆ ದೊರೆಯುತ್ತದೆ. ಧನುರ್ವಾಯುವಿನಲ್ಲಿ ಆ ಆಸರೆಯಿಲ್ಲ. ಪಂಚಾಯಿತಿಯ ನೂರು ಗರ್ಭಿಣಿಯರಲ್ಲಿ ತೊಂಬತ್ತೊಂಬತ್ತು ಮಂದಿ ಲಸಿಕೆ ಪಡೆದರೂ, ಪಡೆಯದ ಒಬ್ಬರಿಗೆ ಅದರಿಂದ ಕಿಂಚಿತ್ತೂ ಪ್ರಯೋಜನವಾಗದು. ಶೇಕಡಾವಾರು ಪ್ರಗತಿ ವರದಿ ಇಲ್ಲಿ ನಮ್ಮ ಕಣ್ಣನ್ನು ಮಂಜುಗೊಳಿಸುತ್ತದೆ.

ಹುಟ್ಟಿದ ಶಿಶುವಿಗೆ ಈ ರೋಗ ತಗಲುವುದು ಹೊಕ್ಕುಳಬಳ್ಳಿಯ ಮೂಲಕ. ಶುಚಿಯಲ್ಲದ ಬ್ಲೇಡಿನಿಂದ ಕತ್ತರಿಸಿದಾಗ, ಕತ್ತರಿಸಿದ ಜಾಗಕ್ಕೆ ಬೂದಿಯನ್ನೋ ಸಗಣಿಯನ್ನೋ ಹಚ್ಚಿದಾಗ ರೋಗಾಣು ಒಳಸೇರುತ್ತದೆ. ಮೊದಲ ಎರಡು ದಿನ ಮಗು ಚೆನ್ನಾಗಿ ಮೊಲೆಯುಣ್ಣುತ್ತದೆ, ಅಳುತ್ತದೆ. ಮೂರನೆಯ ದಿನದ ನಂತರ ದವಡೆ ಬಿಗಿದು ಹಾಲು ಕುಡಿಯಲಾರದೆ ಹೋಗುತ್ತದೆ, ಮೈ ಸೆಟೆದುಕೊಳ್ಳುತ್ತದೆ, ಬೆಳಕು, ಸದ್ದು, ಸ್ಪರ್ಶಕ್ಕೂ ಸೆಳವು ಬರುತ್ತದೆ. ಚಿಕಿತ್ಸೆ ದೊರೆಯದಿದ್ದರೆ ಬದುಕುಳಿಯುವ ಶಿಶುಗಳು ಅತಿ ವಿರಳ. ತಾಯಿ ಲಸಿಕೆ ಪಡೆದಿದ್ದರೆ ಆಕೆಯ ಪ್ರತಿಕಾಯಗಳು ಹುಟ್ಟುವ ಮೊದಲೇ ಮಗುವಿನ ರಕ್ತದಲ್ಲಿರುತ್ತವೆ. ಮಗುವಿಗೆ ಆರನೇ ವಾರದಲ್ಲಿ ಸ್ವಂತ ಲಸಿಕೆ ಆರಂಭವಾಗುವವರೆಗೆ ಇರುವ ಕಾವಲು ಅದೊಂದೇ.

2015ರಲ್ಲಿ ಭಾರತವು ತಾಯಂದಿರ ಹಾಗೂ ನವಜಾತ ಶಿಶುಗಳ ಧನುರ್ವಾಯು ನಿವಾರಣೆಯನ್ನು ಸಾಧಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ದೃಢೀಕರಿಸಿತು. "ರೋಗವೇ ಹೋಗಿರುವಾಗ ಲಸಿಕೆ ಏಕೆ" ಎಂದು ಕೇಳುವವರಿದ್ದಾರೆ. ಇಲ್ಲಿ ನಿವಾರಣೆಯೆಂದರೆ ಪ್ರತಿ ಜಿಲ್ಲೆಯಲ್ಲಿ ವರ್ಷಕ್ಕೆ 1,000 ಜೀವಂತ ಜನನಗಳಿಗೆ ಒಂದಕ್ಕಿಂತ ಕಡಿಮೆ ಪ್ರಕರಣ ಎಂದು ಅರ್ಥ, ಸಂಪೂರ್ಣ ನಿರ್ಮೂಲನೆಯಲ್ಲ. ಮಣ್ಣಿನಲ್ಲಿರುವ ರೋಗಾಣು ಅಲ್ಲಿಯೇ ಇದೆ. ಇನ್ನು ಗಂಟಲುಮಾರಿ ಉತ್ತರ ಕರ್ನಾಟಕದ ಜಿಲ್ಲೆಗಳೂ ಸೇರಿದಂತೆ ದೇಶದ ಹಲವೆಡೆ ಇತ್ತೀಚಿನ ವರ್ಷಗಳಲ್ಲೂ ಕಾಣಿಸಿಕೊಂಡಿದೆ. ಟಿಟಿಯ ಬದಲು ಟಿಡಿ ಬಂದದ್ದಕ್ಕೆ, ಬಾಲ್ಯದ ಲಸಿಕೆಯ ಬಲ ವಯಸ್ಸಾದಂತೆ ಕುಂದುವುದೇ ಕಾರಣ.

ಮನೆಯವರ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. "ಬಸುರಿಗೆ ಸೂಜಿ ಚುಚ್ಚಿಸಿದರೆ ಗರ್ಭ ನಿಲ್ಲುವುದಿಲ್ಲ" ಎಂಬ ಮಾತಿನ ಹಿಂದೆ ಒಂದು ವಿವೇಕವೂ ಇದೆ: ಗರ್ಭಿಣಿಗೆ ಎಲ್ಲ ಔಷಧವೂ ಸಲ್ಲದು ಎಂಬುದು ನಿಜ. ದಡಾರ-ರುಬೆಲ್ಲಾ ಲಸಿಕೆಯಲ್ಲಿ ಶಕ್ತಿಗುಂದಿಸಿದ ಜೀವಂತ ವೈರಾಣು ಇರುವುದರಿಂದ ಅದನ್ನು ಗರ್ಭಾವಸ್ಥೆಯಲ್ಲಿ ನೀಡುವುದಿಲ್ಲ. ಟಿಡಿಯಲ್ಲಿ ಜೀವಂತ ರೋಗಾಣುವೇ ಇಲ್ಲ. ರೋಗಾಣು ಉತ್ಪಾದಿಸುವ ವಿಷವನ್ನು ನಿರ್ವಿಷಗೊಳಿಸಿ ತಯಾರಿಸಿದ್ದು ಅದು. ಅದರಿಂದ ರೋಗ ಬರಲು ಸಾಧ್ಯವಿಲ್ಲ. ದಶಕಗಳಿಂದ ಜಗತ್ತಿನಾದ್ಯಂತ ಕೋಟ್ಯಂತರ ಗರ್ಭಿಣಿಯರಿಗೆ ನೀಡಿದ ಅನುಭವದಲ್ಲಿ ಗರ್ಭಕ್ಕೆ ಹಾನಿ ಕಂಡುಬಂದಿಲ್ಲ. ತೋಳು ನೋಯುವುದು, ಕೆಂಪಾಗುವುದು, ಒಂದೆರಡು ದಿನ ಸಣ್ಣ ಜ್ವರ ಬರುವುದು ಸಾಮಾನ್ಯ. ತೀವ್ರ ಅಲರ್ಜಿ ಅತಿ ವಿರಳ; ಆದರೂ ಲಸಿಕೆಯ ನಂತರ ಅರ್ಧ ಗಂಟೆ ಅಲ್ಲಿಯೇ ಕುಳ್ಳಿರಿಸಿಕೊಳ್ಳುವುದು ಅದಕ್ಕಾಗಿಯೇ. ಹಿಂದಿನ ಡೋಸಿಗೆ ತೀವ್ರ ಅಲರ್ಜಿ ಆಗಿದ್ದವರು, ಈಗ ತೀವ್ರ ಜ್ವರದಲ್ಲಿರುವವರು ವೈದ್ಯಾಧಿಕಾರಿಯನ್ನು ಕಂಡೇ ಮುಂದುವರಿಯಬೇಕು. "ಎಷ್ಟು ಹಾಕಿಸಿದರೆ ಅಷ್ಟು ಒಳ್ಳೆಯದು" ಎಂಬುದೂ ತಪ್ಪೇ. ಅಗತ್ಯವಿಲ್ಲದೆ ಮತ್ತೆ ಮತ್ತೆ ಪಡೆದರೆ ತೋಳಿನ ಊತ ಹೆಚ್ಚಾಗುತ್ತದೆ. ಬೂಸ್ಟರ್ ಅರ್ಹತೆಯುಳ್ಳವರಿಗೆ ಎರಡಲ್ಲದೆ ಒಂದೇ ನೀಡುವುದು ಆದ್ದರಿಂದಲೇ.

ಖಾಸಗಿ ಆಸ್ಪತ್ರೆಗೆ ಹೋಗುವ ಕೆಲವರಿಗೆ ನಾಯಿಕೆಮ್ಮಿನಿಂದಲೂ ರಕ್ಷಣೆ ನೀಡುವ ಟಿಡ್ಯಾಪ್ ಎಂಬ ಲಸಿಕೆಯನ್ನು ಸೂಚಿಸುತ್ತಾರೆ. ಬ್ರಿಟನ್ ಹಾಗೂ ಅಮೆರಿಕದಲ್ಲಿ ನಾಯಿಕೆಮ್ಮಿನ ರಕ್ಷಣೆಯುಳ್ಳ ಇಂಥ ಲಸಿಕೆಯನ್ನು ಪ್ರತಿ ಗರ್ಭಾವಸ್ಥೆಯಲ್ಲೂ ನೀಡಲಾಗುತ್ತದೆ. ನಮ್ಮ ಸರ್ಕಾರಿ ವೇಳಾಪಟ್ಟಿಯಲ್ಲಿ ಗರ್ಭಿಣಿಯರಿಗಿರುವುದು ಟಿಡಿ, ಉಚಿತ. ಟಿಡ್ಯಾಪ್ ಪಡೆದವರ ಕಾರ್ಡಿನಲ್ಲಿ ಅದರ ದಿನಾಂಕ ನಮೂದಾಗಿರುವುದನ್ನು ನೋಡಿಕೊಂಡರೆ ಸಾಕು. ಅದರ ನಂತರ ಟಿಡಿ ಬೇಕೇ ಎಂಬುದನ್ನು ವೈದ್ಯರೇ ಹೇಳಬೇಕು, ನಾವಲ್ಲ.

ಲಸಿಕೆಯ ಗುಣಮಟ್ಟದ ವಿಷಯವೂ ಪಂಚಾಯಿತಿಗೆ ಹೊರಗಿನದಲ್ಲ. ಟಿಡಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಬಿಸಿಲು ಇದಕ್ಕೆ ಶತ್ರುವೆಂದು ಎಲ್ಲರೂ ಬಲ್ಲರು. ಇದು ಹೆಪ್ಪುಗಟ್ಟಿದರೂ ಕೆಡುತ್ತದೆ ಎಂಬುದನ್ನು ಬಲ್ಲವರು ಕಡಿಮೆ. ಹೆಪ್ಪುಗಟ್ಟಿ ಕರಗಿದ ಟಿಡಿ ನೋಡಲು ಹೆಚ್ಚುಕಡಿಮೆ ಮೊದಲಿನಂತೆಯೇ ಇರಬಹುದು, ಆದರೆ ಬಲ ಹೋಗಿರುತ್ತದೆ. ಆದ್ದರಿಂದಲೇ ಶೀತಲ ಪೆಟ್ಟಿಗೆಗೆ ಇಡುವ ಮಂಜಿನ ಪೊಟ್ಟಣವನ್ನು ಮೊದಲು ಹೊರಗಿಟ್ಟು, ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಬಂದ ಮೇಲೆಯೇ ಬಳಸುತ್ತಾರೆ. ಆರೋಗ್ಯ ಸಿಬ್ಬಂದಿ ಹೀಗೆ ತಡಮಾಡುತ್ತಿರುವಾಗ "ಬೇಗ ಮುಗಿಸಿ" ಎಂದು ಅವಸರಿಸಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರದ ವಿದ್ಯುತ್ ಮಾರ್ಗದಲ್ಲಿ ದೀರ್ಘ ಕಡಿತವಿದ್ದರೆ ಮುಂಚಿತವಾಗಿ ತಿಳಿಸುವಂತೆ ವಿದ್ಯುತ್ ಕಂಪನಿಯ ಶಾಖಾಧಿಕಾರಿಗೆ ಪಂಚಾಯಿತಿಯಿಂದ ಒಂದು ಪತ್ರ ಬರೆಯಬಹುದು. ಇದಕ್ಕೆ ಅನುದಾನ ಬೇಕಿಲ್ಲ.

ಲಸಿಕೆ ಪಡೆಯುವ ನಿರ್ಧಾರ ಆ ಮಹಿಳೆಯದು. ಪಡಿತರವನ್ನೋ ಉದ್ಯೋಗ ಖಾತ್ರಿ ಕೂಲಿಯನ್ನೋ ಮುಂದಿಟ್ಟು ಒತ್ತಾಯಿಸುವ ಅಧಿಕಾರ ಯಾರಿಗೂ ಇಲ್ಲ. ಗ್ರಾಮ ಸಭೆಯಲ್ಲಿ ಲಸಿಕೆ ಪಡೆಯದವರ ಹೆಸರು ಓದುವುದೂ ಸಲ್ಲದು. ಗರ್ಭಧಾರಣೆಯ ವಿಷಯವನ್ನು ಮನೆಯಲ್ಲಿಯೇ ಇನ್ನೂ ಹೇಳಿರದ ಮಹಿಳೆಯೂ ಆ ಪಟ್ಟಿಯಲ್ಲಿರಬಹುದು. ಆಕೆ ಸರಿಯಾದ ಮಾಹಿತಿಯೊಂದಿಗೆ ನಿರ್ಧರಿಸುವಂತಾಗಬೇಕು, ನಿರ್ಧರಿಸಿದ ದಿನ ಲಸಿಕೆ ದೊರೆಯಬೇಕು. ನಮ್ಮ ಪಾಲಿನ ಕೆಲಸ ಇಷ್ಟು. ಅತ್ತೆಯವರೊಡನೆ ಮಾತನಾಡಲು ಮಹಿಳಾ ಸದಸ್ಯರು ಆಶಾ ಕಾರ್ಯಕರ್ತೆಯ ಜೊತೆ ಹೋದರೆ ಹತ್ತು ಕರಪತ್ರಕ್ಕಿಂತ ಹೆಚ್ಚು ಪ್ರಯೋಜನವಾಗುವುದನ್ನು ಕಂಡಿದ್ದೇನೆ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಒಟ್ಟು ಸಾಧನೆಯ ಅಂಕಿಯ ಬದಲು ಬಾಕಿಯಿರುವವರ ಸಂಖ್ಯೆಯನ್ನೂ ಕಾರಣವನ್ನೂ ಕೇಳಿರಿ. ನಮ್ಮಲ್ಲಿ ಬಾಕಿ ಉಳಿದದ್ದು ಹೆಚ್ಚಾಗಿ ನಿರಾಕರಣೆಯಿಂದಲ್ಲ, ಸ್ಥಳ ಬದಲಾವಣೆಯಿಂದ: ಬಾಣಂತನಕ್ಕೆ ತವರಿಗೆ ಹೋದವರು, ಕಬ್ಬು ಕಟಾವಿಗೆ ಹೋದವರು, ಇಟ್ಟಿಗೆ ಭಟ್ಟಿಗೆ ಬಂದವರು. ಅಲ್ಲಿಯವರು ಇಲ್ಲಿ ಆಗಿದೆಯೆಂದು, ಇಲ್ಲಿಯವರು ಅಲ್ಲಿ ಆಗುತ್ತದೆಯೆಂದು ನಂಬಿರುತ್ತಾರೆ. ಊರು ಬಿಡುವ ಗರ್ಭಿಣಿಯ ಕೈಯಲ್ಲಿ ತಾಯಿ ಕಾರ್ಡ್ ಇದೆಯೇ, ಅದರ ಚಿತ್ರ ಮನೆಯವರ ಮೊಬೈಲಿನಲ್ಲಿದೆಯೇ, ತಲುಪುವ ಊರಿನ ಆಶಾ ಯಾರು, ಇವಿಷ್ಟನ್ನು ನಮ್ಮ ಆಶಾ ಕಾರ್ಯಕರ್ತೆಯರು ಈಗ ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಭಟ್ಟಿಗೆ ಬಂದ ಹೊರ ಜಿಲ್ಲೆಯ ಮಹಿಳೆಯ ಬಳಿ ಕಾರ್ಡ್ ಇಲ್ಲದಿದ್ದರೆ ಆಕೆ ನಮ್ಮ ಊರಿನವಳಲ್ಲವೆಂದು ಬಿಡದೆ ಲಸಿಕಾ ದಿನದಂದು ಕರೆತರುವುದು ಆ ವಾರ್ಡಿನ ಸದಸ್ಯರ ಕೆಲಸವೆಂದು ನಮ್ಮ ಸಮಿತಿ ನಡವಳಿಯಲ್ಲಿ ದಾಖಲಿಸಿಕೊಂಡಿದೆ.