ಹಳೆಯ ಮಸೂರದ ಆರೈಕೆ

ಉಪಕರಣವನ್ನು ಕೊಳ್ಳುವುದು ಸುಲಭ. ಅದನ್ನು ಅರಿತು ಬಾಳಿಸುವುದು ಕಷ್ಟ. ಮುಂಗಾರಿಗೆ ಮೊದಲೇ ಕೂರಿಗೆ, ಕುಂಟೆಗಳನ್ನು ಸರಿಮಾಡಿಕೊಳ್ಳುವ ರೈತನಿಗೆ ಈ ಮಾತು ಹೊಸದಲ್ಲ. ಕ್ಯಾಮೆರಾದ ಮಸೂರಕ್ಕೂ ಇದು ಸಲ್ಲುತ್ತದೆ. ಧಾರವಾಡ ಜಿಲ್ಲೆಯ ಹಳ್ಳಿಯ ಮನೆಗಳಲ್ಲಿ ಗೋಡೆಯ ಮೇಲೆ ತೂಗುವ ಹಿರಿಯರ ಕಪ್ಪು ಬಿಳುಪಿನ ಭಾವಚಿತ್ರಗಳು ಇಂಥ ಮಸೂರಗಳ ಮೂಲಕವೇ ಮೂಡಿದವು. ಫಿಲ್ಮಿನ ಕಾಲ ಬಹುಮಟ್ಟಿಗೆ ಮುಗಿದಿದೆ. ಮಸೂರದ ಆಯುಷ್ಯ ಮುಗಿದಿಲ್ಲ. ತಕ್ಕ ಜೋಡಣೆಯ ಬಳೆಯನ್ನು ತೊಡಿಸಿದರೆ ಐವತ್ತು ವರ್ಷಗಳ ಹಿಂದಿನ ಅನೇಕ ಮಸೂರಗಳು ಇಂದಿನ ಡಿಜಿಟಲ್ ಕ್ಯಾಮೆರಾದಲ್ಲಿಯೂ ಕೆಲಸ ಮಾಡುತ್ತವೆ.

ಕ್ಯಾಮೆರಾದ ಮಸೂರವೆಂದರೆ ಸಾಮಾನ್ಯವಾಗಿ ಒಂದೇ ಗಾಜಲ್ಲ. ಹಲವು ಗಾಜುಗಳ ಸಮೂಹ. ಜರ್ಮನಿಯ ಝೈಸ್ ಸಂಸ್ಥೆಯಲ್ಲಿ ಪಾಲ್ ರುಡಾಲ್ಫ್ 1902ರಲ್ಲಿ ರೂಪಿಸಿದ ಟೆಸ್ಸಾರ್ ಮಸೂರದಲ್ಲಿ ನಾಲ್ಕು ಗಾಜುಗಳಿದ್ದವು. ಅವುಗಳಲ್ಲಿ ಎರಡನ್ನು ಅಂಟಿಸಲಾಗಿತ್ತು. ಗಾಳಿಗೆ ತಾಗುವ ಗಾಜಿನ ಪ್ರತಿಯೊಂದು ಮೈಯೂ ನೂರರಲ್ಲಿ ಸುಮಾರು ನಾಲ್ಕು ಪಾಲು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಟೆಸ್ಸಾರಿನಲ್ಲಿ ಇಂಥ ಆರು ಮೈಗಳಿರುವುದರಿಂದ ಬೆಳಕಿನ ಐದನೆಯ ಒಂದು ಪಾಲು ನಷ್ಟವಾಗುತ್ತಿತ್ತು. 1935ರಲ್ಲಿ ಅದೇ ಸಂಸ್ಥೆಯ ಅಲೆಕ್ಸಾಂಡರ್ ಸ್ಮಕುಲ ಗಾಜಿಗೆ ಅತಿ ತೆಳುವಾದ ಲೇಪವನ್ನು ಕೊಟ್ಟು ಈ ನಷ್ಟವನ್ನು ತಗ್ಗಿಸುವ ಉಪಾಯವನ್ನು ಕಂಡುಕೊಂಡನು. ಹಳೆಯ ಮಸೂರವನ್ನು ಓರೆಯಾಗಿ ಹಿಡಿದಾಗ ಮಿನುಗುವ ನೀಲಿ ಅಥವಾ ಹೊಂಬಣ್ಣ ಈ ಲೇಪದ್ದೇ. ಅದು ಕೂದಲಿಗಿಂತ ನೂರಾರು ಪಟ್ಟು ತೆಳುವಾದುದು. ಒರಟು ಬಟ್ಟೆಯಿಂದ ಒಮ್ಮೆ ಉಜ್ಜಿದರೆ ಸಾಕು, ಮನೆಯಲ್ಲಿ ಯಾರೂ ಮರಳಿ ತರಲಾರದ ವಸ್ತು ಅಳಿದುಹೋಗುತ್ತದೆ.

ಮಸೂರದ ಶತ್ರುಗಳು ಊರಿಂದೂರಿಗೆ ಬೇರೆ. ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಬೇಸಗೆಯ ಗಾಳಿ ನವಿರಾದ ಧೂಳನ್ನು ಎಬ್ಬಿಸುತ್ತದೆ. ಅದು ಮಸೂರದ ತಿರುಪಿನ ಎಳೆಗಳನ್ನು ಸೇರಿ ಕರಕರ ಎನ್ನಿಸುತ್ತದೆ. ಬಿಸಿಲಿನ ಬೇಗೆಗೆ ಹಳೆಯ ಗ್ರೀಸಿನಿಂದ ಎಣ್ಣೆ ಬೇರ್ಪಟ್ಟು, ಬೆಳಕಿನ ದ್ವಾರವನ್ನು ಹಿಗ್ಗಿಸಿ ಕುಗ್ಗಿಸುವ ಎಸಳುಗಳ ಮೇಲೆ ಹರಿದು, ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯ ಕಡೆಗೆ ತೇವವೇ ಶತ್ರು. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಟ್ಟ ಮಸೂರದಲ್ಲಿ ಜೇಡರ ಬಲೆಯಂತಹ ಬೂಷ್ಟು ಕವಲೊಡೆಯುತ್ತದೆ. ಅದು ಸ್ರವಿಸುವ ಆಮ್ಲ ಲೇಪವನ್ನು ತಿಂದು ಕ್ರಮೇಣ ಗಾಜನ್ನೂ ಕೊರೆಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ನ್ಯೂಗಿನಿಯ ಮಳೆಕಾಡುಗಳಿಗೆ ಹೋದ ಸೈನ್ಯಗಳ ದುರ್ಬೀನುಗಳನ್ನೂ ಇಂಥ ಬೂಷ್ಟು ಕಾಡಿತ್ತು.

ದುರಸ್ತಿಗೆ ಕೈಹಾಕುವ ಮೊದಲು ದೋಷವನ್ನು ಗುರುತಿಸಬೇಕು. ಕತ್ತಲೆಯ ಕೋಣೆಯಲ್ಲಿ ಸಣ್ಣ ಬ್ಯಾಟರಿಯ ಬೆಳಕನ್ನು ಮಸೂರದೊಳಗೆ ಹಾಯಿಸಿದರೆ ಧೂಳು ಚುಕ್ಕೆಯಾಗಿ, ಬೂಷ್ಟು ಕವಲಾಗಿ, ಎಣ್ಣೆ ಮಬ್ಬಾಗಿ ಕಾಣುತ್ತದೆ. ಮಸೂರದ ಮೂಲಕ ಸೂರ್ಯನನ್ನು ಮಾತ್ರ ಎಂದಿಗೂ ನೋಡಬಾರದು. ಬಿಚ್ಚುವಾಗ ಬಿಳಿಯ ಬಟ್ಟೆಯನ್ನು ಹಾಸಿ, ತೆಗೆದ ಭಾಗಗಳನ್ನು ತೆಗೆದ ಕ್ರಮದಲ್ಲಿಯೇ ಸಾಲಾಗಿ ಇಟ್ಟು, ಪ್ರತಿ ಹಂತವನ್ನೂ ಬರೆದುಕೊಳ್ಳಬೇಕು. ಯಾವ ಗಾಜಿನ ಯಾವ ಮೈ ಮುಂದಿತ್ತೆಂಬುದು ಮರೆತರೆ ಬಿಂಬವೇ ಕೆಡುತ್ತದೆ. ತಿರುಪಿನ ಎಳೆಗಳುಳ್ಳ ಕೊಳವೆಗಳು ಬೇರ್ಪಡುವ ಬಿಂದುವಿಗೆ ಗುರುತು ಹಾಕಬೇಕು. ಬೇರೆ ಎಳೆಯಲ್ಲಿ ಸೇರಿಸಿದರೆ ದೂರದ ಗುಡ್ಡ ಎಷ್ಟು ತಿರುಗಿಸಿದರೂ ಸ್ಪಷ್ಟವಾಗಿ ಮೂಡದೆ ಹೋಗಬಹುದು.

ಗಾಜಿನ ಧೂಳನ್ನು ಮೊದಲು ರಬ್ಬರಿನ ಊದುಗುಂಡಿನಿಂದ ಹಾರಿಸಬೇಕು. ಧೂಳಿನ ಮೇಲೆಯೇ ಒರೆಸುವುದೆಂದರೆ ಮರಳಿನಿಂದ ತಿಕ್ಕಿದಂತೆ. ಬಳಿಕ ಮಸೂರಕ್ಕೆಂದೇ ಮಾಡಿದ ಕಾಗದಕ್ಕೆ ಐಸೋಪ್ರೊಪಿಲ್ ಆಲ್ಕೋಹಾಲಿನ ಒಂದೆರಡು ಹನಿ ತಾಗಿಸಿ, ನಡುವಿನಿಂದ ಅಂಚಿನೆಡೆಗೆ ಹಗುರವಾಗಿ ಒರೆಸಬೇಕು. ಈ ದ್ರವ ಬೇಗನೆ ಹೊತ್ತಿಕೊಳ್ಳುವುದರಿಂದ ಒಲೆ, ದೀಪಗಳು ದೂರವಿರಬೇಕು, ಕಿಟಕಿ ತೆರೆದಿರಬೇಕು, ಹಿರಿಯರು ಜೊತೆಗಿರಬೇಕು. ಬಿಗಿಯಾದ ತಿರುಪಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಡುವುದು ಹಲವರ ರೂಢಿ. ಅಂದು ಸಲೀಸಾಗಿ ತಿರುಗಿದರೂ ಆ ಎಣ್ಣೆ ಮುಂದೆ ಎಸಳುಗಳಿಗೆ ಹರಿಯುತ್ತದೆ. ಹಳೆಯ ಗ್ರೀಸನ್ನು ತೆಗೆದು, ಮಸೂರಕ್ಕೆ ತಕ್ಕ ಗ್ರೀಸನ್ನು ತೆಳುವಾಗಿ ಸವರುವುದೇ ಸರಿಯಾದ ದಾರಿ.

ಎಲ್ಲಿ ನಿಲ್ಲಿಸಬೇಕೆಂಬುದು ಈ ವಿದ್ಯೆಯ ಕೊನೆಯ ಮತ್ತು ಕಠಿಣವಾದ ಪಾಠ. ಬಿಂಬದ ಪ್ರತಿಯೊಂದು ಬಿಂದುವನ್ನೂ ಮಸೂರದ ಇಡೀ ಮೈ ಸೇರಿ ರೂಪಿಸುತ್ತದೆ. ಮಸೂರದ ಅರ್ಧವನ್ನು ಮುಚ್ಚಿದರೂ ಬಿಂಬ ಅರ್ಧವಾಗುವುದಿಲ್ಲ, ಮಂಕಾಗುತ್ತದೆ, ಅಷ್ಟೆ. ಹೀಗಿರುವಾಗ ಒಳಗಿನ ನಾಲ್ಕಾರು ಧೂಳಿನ ಕಣಗಳು ಚಿತ್ರಕ್ಕೆ ಯಾವ ಬಾಧೆಯನ್ನೂ ಮಾಡವು. ಅವುಗಳಿಗಾಗಿ ಚೆನ್ನಾಗಿರುವ ಮಸೂರವನ್ನು ಬಿಚ್ಚುವುದು ಅವಿವೇಕ. ಬೂಷ್ಟು ಗಾಜನ್ನೇ ಕೊರೆದಿದ್ದರೆ ಆ ಗುರುತು ಒರೆಸಿದರೆ ಹೋಗದು. ಗಾಜುಗಳ ನಡುವಣ ಅಂಟು ಬಿಟ್ಟಿದ್ದರೆ ಅದು ಮನೆಯ ಕೆಲಸವಲ್ಲ. ಅಲ್ಲಿ ಹಟ ಮಾಡದೆ ಬಲ್ಲವರ ಕೈಗೆ ಒಪ್ಪಿಸಬೇಕು.

ಚಿಕಿತ್ಸೆಗಿಂತ ಎಚ್ಚರಿಕೆ ಮೇಲು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್‌ನೊಂದಿಗೆ ಇಟ್ಟು, ಆಗಾಗ ಹೊರತೆಗೆದು ಬಳಸುತ್ತಿದ್ದರೆ ಮಸೂರ ಕೆಡುವ ಸಂಭವ ಕಡಿಮೆ. ಪೆಟ್ಟಿಗೆಯ ಕತ್ತಲೆಯಲ್ಲಿ ಮರೆತ ಮಸೂರ ಕುರುಡಾಗುತ್ತದೆ. ಬೆಳಕಿನಲ್ಲಿ ದುಡಿಯುವ ಮಸೂರ ಬಾಳುತ್ತದೆ. ಬಲವಿಲ್ಲದೆ ಅಲ್ಲ, ತಾಳ್ಮೆಯಿಲ್ಲದೆ ಹಾಳಾಗುವ ವಸ್ತುಗಳು ಲೋಕದಲ್ಲಿ ಹೆಚ್ಚು. ಮಾಡಬಲ್ಲದ್ದನ್ನು ಶ್ರದ್ಧೆಯಿಂದ ಮಾಡುವುದು, ಮಾಡಲಾಗದ್ದನ್ನು ಮುಟ್ಟದಿರುವುದು ಇವೆರಡನ್ನೂ ಕಲಿತ ಕೈ ಯಾವ ಕೆಲಸಕ್ಕಾದರೂ ಯೋಗ್ಯವಾದುದು.